ಅಕ್ಕಿ ಹೆಚ್ಚಿದೆ

“ಮೇಷ್ಟ್ರೇ, ಇಷ್ಟರಲ್ಲಿ ಯಾವುದನ್ನು ಮೊದಲು ಮಾಡಲಿ?”

ಹೀಗೆ ಕೇಳಿದವಳು ನನ್ನ ಕಾಲೇಜಿನ ಗೆಳತಿ ವಾರಿಜಾ. ಈ ಕತೆಯನ್ನು ನನಗೆ ಮೊದಲು ಹೇಳಿದವಳೂ ಅವಳೇ. ಅವಳಿಗೆ ಹೇಳಿದವರು ನಮ್ಮಿಬ್ಬರಿಗೂ ವಾಣಿಜ್ಯಶಾಸ್ತ್ರ ಕಲಿಸಿದ ಚನ್ನವೀರಯ್ಯ ಮೇಷ್ಟ್ರು. ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಕೇಳಿದರೆ, ನಿನಗೆ ಕತೆ ಬೇಕೋ ಕತೆಯ ಜಾತಕ ಬೇಕೋ ಎಂದರಂತೆ.

ವಾರಿಜಾ ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಆ ವರ್ಷ ಮಾಲೀಕರು ಅವಳ ಹೆಗಲಿಗೆ ಒಂದು ಕೆಲಸ ಹೊರಿಸಿದ್ದರು. ಸಾಮಾನು ಕೊಳ್ಳುವುದು, ಕೂಡಿಡುವುದು, ಪಂಪು ತಯಾರಿಸುವುದು, ಊರೂರಿಗೆ ಕಳಿಸುವುದು, ಜನರ ಹಾಜರಿ, ಇದೆಲ್ಲವನ್ನೂ ಒಂದೇ ತಂತ್ರಾಂಶದೊಳಗೆ ತರಬೇಕು. ಅದಕ್ಕೆ ಇಆರ್‌ಪಿ ಎಂದು ಹೆಸರು. ಕಾರ್ಖಾನೆಯವರು ಆ ಹೆಸರು ಹೇಳುವುದಿಲ್ಲ, ಬರೀ ಸಿಸ್ಟಂ ಎನ್ನುತ್ತಾರೆ, ಮನೆಯ ಹಿರಿಯರನ್ನು ಹೆಸರು ಹಿಡಿದು ಕರೆಯದ ಹಾಗೆ.

ಮಾಡಬೇಕಾದ ಕೆಲಸಗಳ ಪಟ್ಟಿಯೊಂದನ್ನು ಅವಳು ಮೇಷ್ಟ್ರ ಮನೆಗೆ ಒಯ್ದಿದ್ದಳು. ಮೂವತ್ತೆಂಟು ಸಾಲು, ಮೂರು ಬಣ್ಣ. ಮೇಷ್ಟ್ರು ಓದು ಎಂದರು. ಹನ್ನೊಂದರವರೆಗೆ ಓದಿ ಅವಳು ಕಾಗದವನ್ನು ಮಡಿಸಿದಳು. ಉಳಿದವು ಸಣ್ಣಪುಟ್ಟವು, ಸಮಯ ಉಳಿದರೆ ಮಾಡುವಂಥವು ಎಂದಳು. ಓದಿದ ಹನ್ನೊಂದೂ ಮೊದಲನೆಯದೇ ಆಗಬೇಕೆಂದು ಕೂತಿವೆ, ತೊಂದರೆ ಅದೇ ಎಂದಳು. ಮಾಲೀಕರಿಗೆ ಒಂದು ಮೊದಲು ಬೇಕು. ಮಾರಾಟದವರಿಗೆ ಇನ್ನೊಂದು ಮೊದಲು ಬೇಕು. ತಂತ್ರಾಂಶ ಕೊಟ್ಟವರು ಇಬ್ಬರಿಗೂ ತಲೆಯಾಡಿಸುತ್ತಾರೆ.

ಮೇಷ್ಟ್ರು ಮಡಿಸಿದ ಕಾಗದವನ್ನು ನೋಡಿದರು. ಬಿಚ್ಚು ಎನ್ನಲಿಲ್ಲ. ಕತೆ ಶುರುಮಾಡಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಂದು ಅಕ್ಕಿ ಗಿರಣಿ, ಒಂದು ಎಣ್ಣೆ ಮಿಲ್ಲು, ಹನ್ನೆರಡು ಲಾರಿ, ಏಳು ಊರುಗಳಲ್ಲಿ ಏಳು ಉಗ್ರಾಣ ಇದ್ದವು. ತಂದೆ ಕಟ್ಟಿದ ವ್ಯಾಪಾರ. ಮಗ ಅದನ್ನು ಕೆಡಿಸಲಿಲ್ಲ, ಬೆಳೆಸಿದ. ಅವನು ಕೆಟ್ಟವನಲ್ಲ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ಏಳನೆಯ ಉಗ್ರಾಣ ನದಿಯ ದಂಡೆಯಲ್ಲಿತ್ತು. ಏಳರಲ್ಲಿ ಅದೇ ಚಿಕ್ಕದು, ಅದೇ ದೂರದ್ದು. ಅದನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಅವಳ ಗಂಡ ಅದೇ ಉಗ್ರಾಣದಲ್ಲಿ ಹಮಾಲನಾಗಿದ್ದ. ಅವನು ತೀರಿಕೊಂಡ ಮೇಲೆ ವರ್ತಕನ ತಂದೆ ಬೀಗದ ಕೈಯನ್ನು ಅವಳಿಗೆ ಕೊಟ್ಟಿದ್ದರು. ಮೂವತ್ತು ವರ್ಷ ಆ ಬೀಗದ ಕೈ ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ. ವರ್ತಕನಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

ಅವಳ ಮಾತಿನಲ್ಲಿ ಒಂದು ಪದ್ಧತಿ ಇತ್ತು. ಅದು ಅವಳೊಬ್ಬಳದಲ್ಲ, ನಮ್ಮ ಎಷ್ಟೋ ಮನೆಗಳ ತಾಯಂದಿರದು. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ಹೆಚ್ಚಿದೆ ಎನ್ನುತ್ತಾರೆ. ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುತ್ತಾರೆ. ದೀಪ ಆರಿಸು ಎನ್ನುವುದಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತಾರೆ. ಇಲ್ಲ ಎಂಬ ಮಾತು ಬಾಯಿಗೆ ಬಂದರೆ ಮನೆಯೊಳಗೂ ಬಂದು ಕೂರುತ್ತದೆ ಎಂಬ ಅಂಜಿಕೆ. ಉಳಿದವರು ಅಡುಗೆಮನೆಯಲ್ಲಿ ಪಾಲಿಸುವುದನ್ನು ಅವಳು ಉಗ್ರಾಣದಲ್ಲೂ ಪಾಲಿಸುತ್ತಿದ್ದಳು. ಅಕ್ಕಿ ಇದ್ದರೆ ಇದೆ ಎನ್ನುವಳು. ಮುಗಿದರೆ ಹೆಚ್ಚಿದೆ ಎನ್ನುವಳು. ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಇಲ್ಲ ಎಂಬ ಮಾತು ಕೇಳಿದವರಿರಲಿಲ್ಲ. ಹಮಾಲರು ಅವಳಿಂದ ಅದನ್ನು ಹೇಳಿಸಬೇಕೆಂದು ಕೆಣಕುತ್ತಿದ್ದರು. ಒಬ್ಬನಂತೂ, ಅಕ್ಕಾ, ನಿನ್ನ ಅಂಗಳದಲ್ಲಿ ಆನೆ ಇದೆಯಾ ಎಂದು ಕೇಳಿದ್ದ. ಬರುತ್ತದೆ, ಮೂಟೆ ಇಳಿಸುತ್ತಿರು ಎಂದಿದ್ದಳು.

ಪೇಟೆಯ ಕಚೇರಿಯಲ್ಲಿ ಒಬ್ಬ ವಯಸ್ಸಾದ ಗುಮಾಸ್ತನಿದ್ದ. ಏಳೂ ಉಗ್ರಾಣಗಳ ಫೋನು ಅವನಿಗೇ ಬರುತ್ತಿತ್ತು. ನದಿದಂಡೆಯಿಂದ ಹೆಚ್ಚಿದೆ ಎಂಬ ಮಾತು ಬಂದರೆ ಮರುದಿನ ಅಕ್ಕಿ ಹೊತ್ತ ಲಾರಿ ಹೊರಡುತ್ತಿತ್ತು. ಆ ಮಾತನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಅವನ ಮನೆಯಲ್ಲೂ ಹೆಂಡತಿ ಹಾಗೆಯೇ ಹೇಳುತ್ತಿದ್ದಳು.

ಆ ನದಿಯ ನಡುವೆ ಒಂದು ನಡುಗಡ್ಡೆ ಇತ್ತು. ಅಲ್ಲಿ ನಲವತ್ತು ಮನೆ. ಜನ ಸೌತೆ, ಬದನೆ ಬೆಳೆದು ಹರಿಗೋಲಿನಲ್ಲಿ ದಂಡೆಗೆ ತರುತ್ತಿದ್ದರು. ಮೇಲಿನ ಸೀಮೆಯಲ್ಲಿ ಮಳೆಯಾದರೆ ಇಲ್ಲಿ ನದಿ ಏರುತ್ತದೆ. ಏರಿದರೆ ಹದಿನೈದು ದಿನ, ಕೆಲವು ಸಲ ಇಪ್ಪತ್ತು ದಿನ, ನೀರಿಗೆ ಹರಿಗೋಲು ಇಳಿಸುವ ಹಾಗಿಲ್ಲ. ಅದಕ್ಕಾಗಿ ವರ್ತಕನ ತಂದೆ ಒಂದು ರೂಢಿ ಮಾಡಿದ್ದರು. ಪುಷ್ಯ ಮಳೆ ಹುಟ್ಟುವ ಮೊದಲು ಮನೆಗೊಂದು ಮೂಟೆಯಂತೆ ನಲವತ್ತು ಮೂಟೆ ಅಕ್ಕಿ ನಡುಗಡ್ಡೆ ಸೇರಬೇಕು. ಅದಕ್ಕೆ ಮಳೆಯಕ್ಕಿ ಎಂದು ಹೆಸರು. ಲಾಭವಿಲ್ಲದ ಆ ಏಳನೆಯ ಉಗ್ರಾಣವನ್ನು ಅವರು ಮುಚ್ಚದೆ ಉಳಿಸಿದ್ದೇ ಅದಕ್ಕಾಗಿ.

ಉಗ್ರಾಣದವಳ ಒಬ್ಬಳೇ ಮಗಳನ್ನು ಆ ನಡುಗಡ್ಡೆಗೆ ಮದುವೆ ಮಾಡಿ ಕೊಟ್ಟಿತ್ತು. ಆ ವರ್ಷ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗು. ತಾಯಿಯೇ ಬಾಣಂತನ ಮಾಡಿದಳು. ಮೂರು ತಿಂಗಳು ತುಂಬಿದ ಮೇಲೆ, ನದಿ ಇನ್ನೂ ತೆಳ್ಳಗಿರುವಾಗಲೇ, ಮಗಳನ್ನೂ ಮೊಮ್ಮಗನನ್ನೂ ಹರಿಗೋಲಿಗೆ ಹತ್ತಿಸಿದಳು. ಮಳೆಯಕ್ಕಿ ಯಾವಾಗ ಬರುತ್ತದೆ ಎಂದು ಮಗಳು ಕೇಳಲಿಲ್ಲ. ತಾಯಿಯೇ ಹೇಳಿದಳು, ನಿಮ್ಮ ಬೆನ್ನಿಗೇ ಮಳೆಯಕ್ಕಿ ಬರುತ್ತದೆ, ಹಾಲು ಕುಡಿಸುವವಳು ಹೊಟ್ಟೆ ಕಟ್ಟಬೇಡ ಎಂದು.

ಅದೇ ವರ್ಷ ವರ್ತಕನ ತಲೆಗೆ ಸಿಸ್ಟಂ ಹೊಕ್ಕಿತು. ಅವನು ಇನ್ನೊಬ್ಬ ವರ್ತಕನ ಕಚೇರಿಗೆ ಹೋಗಿದ್ದ. ಆ ವರ್ತಕ ಕುರ್ಚಿಯಲ್ಲಿ ಒರಗಿ ಗೋಡೆಯ ಮೇಲಿನ ತೆರೆ ತೋರಿಸಿದ್ದ. ಯಾವ ಊರಿನಲ್ಲಿ ಏನಿದೆ, ಯಾವ ಲಾರಿ ಎಲ್ಲಿದೆ, ಯಾರು ಕೆಲಸಕ್ಕೆ ಬಂದಿಲ್ಲ, ಎಲ್ಲವೂ ಅಲ್ಲಿತ್ತು. ನೀನು ಇನ್ನೂ ಫೋನಿನಲ್ಲಿ ಹಲೋ ಹಲೋ ಎನ್ನುತ್ತಿದ್ದೀಯಾ ಎಂದು ನಗಾಡಿದ್ದ. ಆ ನಗು ಇವನಿಗೆ ನಾಟಿತು.

ಕೆಲಸ ಮಾಡಿಸಲು ದೂರದ ಸೀಮೆಯಿಂದ ಒಬ್ಬ ಮುಖ್ಯಸ್ಥ ಬಂದ. ಬುದ್ಧಿವಂತ, ಹೊತ್ತಿಗೆ ಸರಿಯಾಗಿ ಬರುವವನು, ಯಾರ ಮಾತನ್ನೂ ಅರ್ಧಕ್ಕೆ ತಡೆಯದವನು. ಮೊದಲ ವಾರವೇ ಅವನೊಂದು ಪಟ್ಟಿ ಮಾಡಿದ. ಗುಮಾಸ್ತ ಅವನ ಬಳಿ ಹೋಗಿ ಒಂದು ಮಾತು ಹೇಳಿದ. ನದಿದಂಡೆಯ ಅಕ್ಕನ ಭಾಷೆ ಸ್ವಲ್ಪ ಬೇರೆ, ಉಳಿದ ಉಗ್ರಾಣದವರಿಗೂ ಅವರವರದೇ ಮಾತುಗಳಿವೆ, ಒಂದು ಅರ್ಧ ದಿನ ನನ್ನ ಜೊತೆ ಕೂತುಕೊಳ್ಳಿ, ಎಲ್ಲ ಹೇಳುತ್ತೇನೆ ಎಂದ. ಮುಖ್ಯಸ್ಥನಿಗೆ ಅದು ಸರಿ ಎನಿಸಿತು. ಗುಮಾಸ್ತರ ಜೊತೆ ಅರ್ಧ ದಿನ ಎಂದು ಪಟ್ಟಿಯಲ್ಲಿ ನಾಲ್ಕನೆಯ ಸಾಲಿಗೆ ಬರೆದುಕೊಂಡ.

ಆಮೇಲೆ ಎಲ್ಲ ಕಡೆ ಆಗುವುದೇ ಅಲ್ಲೂ ಆಯಿತು. ಎಣ್ಣೆ ಮಿಲ್ಲಿನಲ್ಲಿ ಅರ್ಧ ಜನ ಡಬ್ಬ ಎನ್ನುತ್ತಿದ್ದರು, ಅರ್ಧ ಜನ ಟಿನ್ನು ಎನ್ನುತ್ತಿದ್ದರು. ಸಿಸ್ಟಂಗೆ ಎರಡರಲ್ಲಿ ಒಂದು ಬೇಕು. ಅದನ್ನು ಇತ್ಯರ್ಥ ಮಾಡಲು ಹನ್ನೆರಡು ದಿನ ಹಿಡಿಯಿತು. ಕೊನೆಗೆ ಡಬ್ಬ ಗೆದ್ದಿತು, ಟಿನ್ನಿನವರು ಒಂದು ವಾರ ಮಾತು ಬಿಟ್ಟರು. ಅರ್ಧ ದಿನ ಒಂಬತ್ತನೆಯ ಸಾಲಿಗೆ ಇಳಿಯಿತು. ವರ್ತಕ ಲಾರಿಗಳ ಓಡಾಟವನ್ನೂ ಸೇರಿಸಿ ಎಂದ. ಅದು ಮೊದಲ ಮಾತಿನಲ್ಲಿ ಇರಲಿಲ್ಲವಲ್ಲ ಎಂದು ಮುಖ್ಯಸ್ಥ ಹೇಳಿದ. ಈಗ ಇದೆಯಲ್ಲ ಎಂದ ವರ್ತಕ. ಅರ್ಧ ದಿನ ಹದಿನೇಳಕ್ಕೆ ಇಳಿಯಿತು. ಗೋಡೆಗೆ ತೆರೆ ತೂಗುಹಾಕಬೇಕಿತ್ತು, ಆ ಇನ್ನೊಬ್ಬ ವರ್ತಕನದಕ್ಕಿಂತ ಒಂದು ಗೇಣು ದೊಡ್ಡದೇ ಆಗಬೇಕಿತ್ತು. ಅರ್ಧ ದಿನ ಇಪ್ಪತ್ತಾರಕ್ಕೆ ಇಳಿಯಿತು. ಇಳಿಸುವಾಗ ಪ್ರತಿ ಸಲವೂ ಕಾರಣ ಸರಿಯಾಗಿಯೇ ಇತ್ತು.

ಇಷ್ಟಾದರೂ ಶುರುಮಾಡುವ ದಿನವನ್ನು ಮುಂದೆ ಹಾಕುವ ಹಾಗಿರಲಿಲ್ಲ. ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈ ಹಾಕಬಾರದು ಎಂದು ವರ್ತಕನ ಮನೆಯಲ್ಲಿ ಕಟ್ಟುನಿಟ್ಟು. ಜ್ಯೇಷ್ಠದ ಕೊನೆಯ ಶುಕ್ರವಾರವೇ ಪೂಜೆ ಎಂದು ಗೊತ್ತಾಗಿತ್ತು.

ಫೋನಿನಲ್ಲಿ ಮಾತು ಕೇಳಿಸಿಕೊಳ್ಳುವ ಕೆಲಸಕ್ಕೆ ಹೊಸ ಸಿಸ್ಟಂನಲ್ಲಿ ಜಾಗವಿರಲಿಲ್ಲ. ಗುಮಾಸ್ತನಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ಕಳಿಸಿದರು. ಹೊರಡುವಾಗ ಅವನು ಮುಖ್ಯಸ್ಥನಿಗೆ ಅರ್ಧ ದಿನದ ಮಾತು ನೆನಪಿಸಿದ. ಪಟ್ಟಿಯಲ್ಲಿದೆ ಎಂದ ಮುಖ್ಯಸ್ಥ. ಸುಳ್ಳಲ್ಲ, ಪಟ್ಟಿಯಲ್ಲಿತ್ತು.

ಸಿಸ್ಟಂ ಶುರುವಾಗುವ ಮೊದಲು ಪ್ರತಿ ಉಗ್ರಾಣದಲ್ಲಿ ಏನೆಷ್ಟಿದೆ ಎಂದು ಅದಕ್ಕೆ ತಿಳಿಸಬೇಕು. ಆರು ಉಗ್ರಾಣಗಳಲ್ಲಿ ಮೂಟೆ ಎಣಿಸಿ, ತೂಗಿ ಬರೆದುಕೊಂಡರು. ಏಳನೆಯದಕ್ಕೆ ಹೋಗಲು ದಿನ ಉಳಿದಿರಲಿಲ್ಲ. ಅದಕ್ಕೊಂದು ದಾರಿ ಕಂಡುಕೊಂಡರು. ಎಣಿಕೆ ಆಮೇಲೆ ಹಾಕೋಣ, ಸದ್ಯಕ್ಕೆ ಮೂರು ಮಾತು ಸಾಕು ಎಂದರು. ಕಡಿಮೆ ಇದ್ದರೆ ಕೆಂಪು. ಸಾಕಷ್ಟು ಇದ್ದರೆ ಹಳದಿ. ಹೆಚ್ಚು ಇದ್ದರೆ ಹಸಿರು.

ಮುಖ್ಯಸ್ಥನೇ ಫೋನು ಮಾಡಿದ.

ಅವಳ ಉಗ್ರಾಣ ಆ ಹೊತ್ತಿಗೆ ಬರಿದಾಗಿತ್ತು. ದಂಡೆಯ ಊರುಗಳಲ್ಲಿ ಸಾಲುಸಾಲು ಮದುವೆ ನಡೆದು, ಎಂದೂ ಇಲ್ಲದಷ್ಟು ಬೇಗ ಅಕ್ಕಿ ಖರ್ಚಾಗಿತ್ತು. ಮಳೆಯಕ್ಕಿಗೆ ಹೊಸದಾಗಿಯೇ ಬರಬೇಕಿತ್ತು. ಫೋನು ಬಂದದ್ದು ಅವಳಿಗೆ ದೇವರೇ ಕರೆದಂತಾಯಿತು.

“ಅಮ್ಮಾ, ನಿಮ್ಮಲ್ಲಿ ಅಕ್ಕಿ ಹೇಗಿದೆ?”

“ಹೆಚ್ಚಿದೆ ಸ್ವಾಮಿ. ಬೇಗ ಲಾರಿ ಕಳಿಸಿ.”

“ಹೆಚ್ಚಿದೆ ತಾನೆ? ಹಾಗೆಯೇ ಬರೆದುಕೊಳ್ಳಲಾ?”

“ಹೆಚ್ಚಿದೆ ಎಂದೇ ಬರೆದುಕೊಳ್ಳಿ.”

ಅವನು ಹಾಗೆಯೇ ಬರೆದುಕೊಂಡ. ಅವಳು ಸುಳ್ಳು ಹೇಳಲಿಲ್ಲ, ಅವನು ಸುಳ್ಳು ಬರೆಯಲಿಲ್ಲ. ಅವಳ ಬಾಯಿಂದ ಬಂದ ಮಾತೇ ಕಾಗದದ ಮೇಲೆ ಕೂತಿತು. ಲಾರಿ ಕಳಿಸಿ ಎಂದದ್ದೂ ಅವನಿಗೆ ಅರ್ಥವಾಯಿತು. ಹೆಚ್ಚಾದ ಅಕ್ಕಿಯನ್ನು ಅಲ್ಲಿಂದ ಎತ್ತಿಸಬೇಕು ಎಂದು ಅರ್ಥವಾಯಿತು.

ಶುಕ್ರವಾರ ಪೂಜೆಯಾಯಿತು. ಕಂಪ್ಯೂಟರಿಗೆ ಕುಂಕುಮ ಹಚ್ಚಿದರು. ತೆರೆಯ ಮೇಲೆ ಏಳು ಸಾಲು ಮೂಡಿದವು. ವರ್ತಕ ಕುರ್ಚಿಯಲ್ಲಿ ಒರಗಿ ನೋಡಿದ. ಎರಡು ಕೆಂಪು, ನಾಲ್ಕು ಹಳದಿ, ಒಂದೇ ಒಂದು ಹಸಿರು, ಅದರ ಮೇಲೆ ಹೆಚ್ಚು ಎಂಬ ಅಕ್ಷರಗಳು. ಅಪ್ಪನ ಕಾಲದ ಚಿಕ್ಕ ಉಗ್ರಾಣವೇ ಹಸಿರಾಗಿದೆಯಲ್ಲ ಎಂದು ಅವನಿಗೆ ಹಿಗ್ಗಾಯಿತು. ಇನ್ನು ಮುಂದೆ ಯಾರೂ ತನಗೆ ನೇರವಾಗಿ ಫೋನು ಮಾಡಬಾರದು, ಎಲ್ಲವೂ ಸಿಸ್ಟಂನಲ್ಲೇ ಬರಲಿ ಎಂದು ಏಳೂ ಕಡೆ ಹೇಳಿಕಳಿಸಿದ. ಹಾಗೆ ಮಾಡದಿದ್ದರೆ ಜನ ಹಳೆಯ ಚಾಳಿ ಬಿಡುವುದಿಲ್ಲ ಎಂದು ಮುಖ್ಯಸ್ಥ ಹೇಳಿದ್ದ. ಅದೂ ಸರಿಯಾದ ಮಾತೇ.

ಸಿಸ್ಟಂ ತನ್ನ ಕೆಲಸ ಮಾಡಿತು. ಕೆಂಪಿನ ಕಡೆಗೆ ಮೊದಲು ಲಾರಿ ಕಳಿಸಿತು, ಹಳದಿಯ ಕಡೆಗೆ ಆಮೇಲೆ. ಹಸಿರಿನ ಕಡೆಗೆ ಕಳಿಸಲಿಲ್ಲ.

ಇಲ್ಲಿಗೆ ಬಂದಾಗ ವಾರಿಜಾ ತಡೆದಳಂತೆ. ಅಕ್ಕಿ ಬರಲಿಲ್ಲ ಎಂದರೆ ಆ ಹೆಂಗಸು ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತಲ್ಲ ಮೇಷ್ಟ್ರೇ ಎಂದಳು. ಮೇಷ್ಟ್ರು, ಹೇಳಿದಳಮ್ಮ ಎಂದರು.

ಒಂಬತ್ತು ದಿನ ಕಾದು ಅವಳೇ ಫೋನು ಮಾಡಿದಳು. ಗುಮಾಸ್ತನ ದನಿಗೆ ಬದಲು ಮುಖ್ಯಸ್ಥನ ದನಿ ಬಂತು. ಅಕ್ಕಿ ಹೆಚ್ಚಿ ಒಂಬತ್ತು ದಿನವಾಯಿತು, ಇನ್ನೂ ಲಾರಿಯ ದಾರಿ ನೋಡುತ್ತಿದ್ದೇನೆ, ಪುಷ್ಯ ಹುಟ್ಟಲು ಐದೇ ದಿನ ಎಂದಳು. ಗೊತ್ತಿದೆಯಮ್ಮ, ಸಿಸ್ಟಂನಲ್ಲಿ ಕಾಣುತ್ತಿದೆ, ಉಳಿದ ಊರುಗಳ ಕಷ್ಟ ಮೊದಲು ತೀರಲಿ ಎಂದ ಅವನು. ನಮಗಿಂತ ಕಷ್ಟದ ಊರು ಯಾವುದು ಸ್ವಾಮಿ ಎಂದು ಅವಳು ಕೇಳಿದಳು. ಅವನಿಗೆ ನಗು ಬಂತು. ಅಕ್ಕಿ ಕಾಯುವುದೂ ಕಷ್ಟವೇ ಎಂದು ಒಪ್ಪಿಕೊಂಡ. ಆಮೇಲೆ ತಮಾಷೆಗೆ, ಲಾರಿ ಬರುವವರೆಗೆ ಹುಳ ಹಿಡಿಯದ ಹಾಗೆ ನೋಡಿಕೊಳ್ಳಿ ಎಂದ.

ಬರಿಯ ಉಗ್ರಾಣದಲ್ಲಿ ಹುಳ ಎಲ್ಲಿಂದ ಹಿಡಿಯಬೇಕು. ಪೇಟೆಯವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ದೊಡ್ಡವರು ತಮಾಷೆ ಮಾಡಿದರೆ ನಗಬೇಕು. ಮರ್ಯಾದೆಗೆ ಅವಳೂ ನಕ್ಕಳು.

ಫೋನು ಇಡುವ ಮೊದಲು ಅವನು ಇನ್ನೊಮ್ಮೆ ಕೇಳಿದ. “ಬದಲಾವಣೆ ಏನೂ ಇಲ್ಲವಲ್ಲ?”

ಆಗ ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಉಗ್ರಾಣದಲ್ಲಿ ಒಂದು ಕಾಳೂ ಇಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಹಾಲು ಕುಡಿಸುವ ಮಗಳು ನೀರಿನ ನಡುವೆ ಇದ್ದಳು. ಮೂರು ತಿಂಗಳ ಕೂಸು ತೊಟ್ಟಿಲಲ್ಲಿತ್ತು. ಮೂವತ್ತು ವರ್ಷ ಆಡದ ಮಾತನ್ನು ಈ ಹೊತ್ತಿನಲ್ಲೇ ಆಡುವುದೇ? ಅವಳು ನಾಲಿಗೆ ಕಚ್ಚಿಕೊಂಡಳು.

“ಹೆಚ್ಚಿದೆ ಸ್ವಾಮಿ,” ಎಂದಳು. “ಪೂರ್ತಿ ಹೆಚ್ಚಿದೆ.”

ಅವನು ಅದನ್ನೂ ಬರೆದುಕೊಂಡ. ತೆರೆಯ ಮೇಲೆ ಏಳನೆಯ ಸಾಲಿನ ಹಸಿರು ಇನ್ನಷ್ಟು ಗಾಢವಾಯಿತು.

ಬೇರೆ ಕಡೆಯಿಂದ ಅವಳು ಯಾಕೆ ಅಕ್ಕಿ ತರಿಸಲಿಲ್ಲ ಎಂದು ಆಮೇಲೆ ಊರಿನವರು ಕೇಳಿದರು. ಮೂವತ್ತು ವರ್ಷ ತಪ್ಪದೆ ಬಂದ ಲಾರಿ ಇವತ್ತಲ್ಲದಿದ್ದರೆ ನಾಳೆ ಬಂದೇ ಬರುತ್ತದೆ ಎಂದು ಅವಳು ಕಾದಳು. ಕಾಯುವವರಿಗೆ ಪ್ರತಿ ದಿನವೂ ಇನ್ನೊಂದೇ ದಿನ.

ಪುಷ್ಯ ಹುಟ್ಟಲು ಎರಡು ದಿನವಿರುವಾಗಲೇ ನದಿಯಲ್ಲಿ ಕೆಂಪು ನೀರು ಕಾಣಿಸಿತು. ಅಂಬಿಗ ಬಂದು, ಇದೇ ಕೊನೆಯ ಹರಿಗೋಲು, ಕೊಡುವುದಿದ್ದರೆ ಈಗಲೇ ಕೊಡಕ್ಕಾ ಎಂದ. ಅವಳು ತನ್ನ ಮನೆಯ ಮಡಕೆಯಲ್ಲಿದ್ದ ಅಕ್ಕಿಯನ್ನೆಲ್ಲ ಒಂದು ಚೀಲಕ್ಕೆ ಸುರಿದಳು. ಆರು ಸೇರು ಆಯಿತು. ಮಗಳ ಕೈಗೇ ಕೊಡು, ಉಳಿದದ್ದು ನಾಳೆ ಬರುತ್ತದೆ ಎಂದು ಹೇಳು ಎಂದಳು. ನಾಳೆ ನಾನು ಬರುವುದಿಲ್ಲವಲ್ಲಕ್ಕಾ ಎಂದ ಅಂಬಿಗ. ಹೇಳು ಎಂದಳು.

ನಡುಗಡ್ಡೆಯಲ್ಲಿ ಮಳೆಯಕ್ಕಿ ಬಂತೆಂದು ನಲವತ್ತು ಮನೆಯವರೂ ದಡಕ್ಕೆ ಬಂದು ನಿಂತಿದ್ದರು. ಅಷ್ಟು ಜನರ ಕಣ್ಣೆದುರಿಗೆ ಒಂದೇ ಚೀಲ ಇಳಿಯಿತು. ಅದನ್ನು ಒಬ್ಬಳೇ ಮನೆಯೊಳಗೆ ಒಯ್ಯುವುದು ಮಗಳಿಂದಾಗಲಿಲ್ಲ. ಎಲ್ಲರಿಗೂ ಸೇರಿಸಿ ಗಂಜಿ ಮಾಡಿದರು. ಒಂದು ಹೊತ್ತಿಗಾಯಿತು.

ನದಿ ಏರಿತು. ನಡುಗಡ್ಡೆಯ ಕರೆಂಟು ಹೋಯಿತು, ಮೂರನೆಯ ದಿನಕ್ಕೆ ಫೋನುಗಳೂ ಸುಮ್ಮನಾದವು.

ನದಿ ಏರಿ ಆರು ದಿನವಾಗಿತ್ತು. ವರ್ತಕ ಮನೆಯಲ್ಲಿ ಊಟಕ್ಕೆ ಕೂತಿದ್ದ. ಹೆಂಡತಿ ಬಡಿಸುತ್ತಾ, ಅಕ್ಕಿ ಹೆಚ್ಚಿದೆ, ಗಿರಣಿಯಿಂದ ಒಂದು ಮೂಟೆ ಕಳಿಸಿ, ಮರೆಯಬೇಡಿ ಎಂದಳು. ಸಂಜೆಯೊಳಗೆ ಕಳಿಸುತ್ತೇನೆ ಎಂದ. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ, ಮದುವೆಯಾದಾಗಿನಿಂದ ಹೆಂಡತಿಯ ಬಾಯಲ್ಲಿ ಕೇಳಿದ ಮಾತು ಅದು. ಅದರ ಅರ್ಥ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಲಸಿದ ಅನ್ನವನ್ನು ಬಾಯಿಗೆ ಒಯ್ಯುತ್ತಿದ್ದವನ ಕೈ ಅಲ್ಲೇ ನಿಂತಿತು.

“ಏನಂದೆ?” ಎಂದ.

“ಅಕ್ಕಿ ಹೆಚ್ಚಿದೆ ಅಂದೆ.”

ಅವನು ಎಲೆಯ ಮುಂದಿನಿಂದ ಎದ್ದ. ನದಿದಂಡೆಗೆ ಫೋನು ಮಾಡಿದ. ಅಕ್ಕ ಅದೇ ಮಾತು ಹೇಳಿದಳು. ಈ ಸಲ ಕೇಳಿದವನಿಗೆ ಅದು ಅರ್ಥವಾಯಿತು.

ನಲವತ್ತು ಮೂಟೆ ಹೇರಿಸಿಕೊಂಡು ಲಾರಿಯ ಮುಂದಿನ ಸೀಟಿನಲ್ಲೇ ಕೂತು ಅವನು ದಂಡೆಗೆ ಹೋದ. ನದಿ ಎರಡೂ ಕಡೆ ತುಂಬಿ ಹರಿಯುತ್ತಿತ್ತು. ಅಂಬಿಗ ತಲೆ ಅಲ್ಲಾಡಿಸಿದ. ನೆರೆ ಪರಿಹಾರದ ಸರ್ಕಾರಿ ಅಧಿಕಾರಿಗಳನ್ನು ಹುಡುಕಿಕೊಂಡು ಹೋದರೆ, ಆ ನಡುಗಡ್ಡೆಗೆ ಪ್ರತಿ ವರ್ಷ ಮೊದಲೇ ಅಕ್ಕಿ ಹೋಗಿರುತ್ತದೆ ಎಂದು ತಮ್ಮ ಕಾಗದದಲ್ಲಿದೆ, ದೋಣಿಗಳು ಬೇರೆ ಕಡೆ ಹೋಗಿವೆ ಎಂದರು. ಆ ಕಾಗದಕ್ಕೆ ಅವನ ತಂದೆಯೇ ರುಜು ಹಾಕಿದ್ದರು.

ನೀರು ಇಳಿದೊಡನೆ ಹೇರಬೇಕೆಂದು ಮೂಟೆಗಳು ದಂಡೆಯಲ್ಲೇ ಉಳಿದವು. ವರ್ತಕನೂ ಉಳಿದ. ಉಗ್ರಾಣದ ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕೂತು, ಆದದ್ದನ್ನು ಹೇಳಿದ. ಮೂರು ಮಾತು, ಮೂರು ಬಣ್ಣ, ಗುಮಾಸ್ತನ ಅರ್ಧ ದಿನ, ಎಲ್ಲ ಹೇಳಿದ. ತನ್ನ ಕುರ್ಚಿಯ ಎದುರಿಗೇ ಹೆಚ್ಚು ಎಂಬ ಅಕ್ಷರಗಳಿದ್ದವು, ದಿನಾ ನೋಡಿ ಖುಷಿಪಟ್ಟೆ ಎಂದೂ ಹೇಳಿದ. ಆಗ ಅವಳಿಗೆ ಹುಳದ ಮಾತು ಅರ್ಥವಾಯಿತು.

“ನಾನು ನಕ್ಕೆನಲ್ಲಪ್ಪ,” ಎಂದಳು.

ಆ ವರ್ಷ ನದಿ ಇಪ್ಪತ್ತು ದಿನಕ್ಕೆ ಇಳಿಯಲಿಲ್ಲ. ಇಪ್ಪತ್ತೊಂಬತ್ತು ದಿನ ಹಿಡಿಯಿತು. ಅಲ್ಲಿಯವರೆಗೂ ಅವಳು ಮೂಟೆಗಳ ಮೇಲಿನ ತಾಡಪಾಲನ್ನು ಸರಿಪಡಿಸುತ್ತಿದ್ದಳು. ಒಂದು ಮೂಟೆಗೂ ನೀರು ತಾಕಲಿಲ್ಲ.

ನಡುಗಡ್ಡೆಯವರು ಮೊದಲು ಮನೆಯಲ್ಲಿದ್ದ ಹಳೆಯ ಜೋಳ ಮುಗಿಸಿದರು. ಆಮೇಲೆ ಎಳೆಯ ಬದನೆ, ಆಮೇಲೆ ಸೊಪ್ಪು ಬೇಯಿಸಿ ತಿಂದರು. ದೊಡ್ಡವರು ಹೇಗೋ ತಡೆದುಕೊಂಡರು. ಹದಿನೈದನೆಯ ದಿನದ ಹೊತ್ತಿಗೆ ಅಕ್ಕನ ಮಗಳ ಎದೆಹಾಲು ಬತ್ತಿತು. ಕೂಸಿಗೆ ಗಂಜಿಯ ತಿಳಿಯಾದರೂ ಬೇಕಿತ್ತು. ಅದಕ್ಕೆ ಒಂದು ಹಿಡಿ ಅಕ್ಕಿ ಬೇಕಿತ್ತು. ನಲವತ್ತು ಮನೆಗಳಲ್ಲಿ ಹುಡುಕಿದರು.

ನೀರು ಇಳಿದ ದಿನ ಮೊದಲ ಹರಿಗೋಲಿನಲ್ಲಿ ಅಕ್ಕನೇ ಅಕ್ಕಿಯ ಜೊತೆ ಹೋದಳು. ವರ್ತಕ ದಂಡೆಯಲ್ಲಿ ನಿಂತ. ಹೋಗುವ ಧೈರ್ಯ ಅವನಿಗೆ ಬರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಬರಿಯ ಹರಿಗೋಲಿನಲ್ಲಿ ಒಬ್ಬಳೇ ಹಿಂದಿರುಗಿದಳು. ವರ್ತಕ ಮೊಣಕಾಲವರೆಗೆ ನೀರಿಗಿಳಿದು ಅವಳನ್ನು ಇಳಿಸಿಕೊಂಡ.

“ಅಕ್ಕಾ, ಕೂಸು?”

“ಇಲ್ಲ,” ಎಂದಳು.

ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಕೈಯಲ್ಲಿಟ್ಟು ಮನೆಯ ಕಡೆ ನಡೆದಳು.

ಮೇಷ್ಟ್ರು ಕತೆ ನಿಲ್ಲಿಸಿದರು. ಹಾಗಾದರೆ ಆ ಸಿಸ್ಟಂ ಬರಬಾರದಿತ್ತೇ ಎಂದು ವಾರಿಜಾ ಕೇಳಿದಳು. ಬರಬೇಕಿತ್ತು, ಅದರಿಂದಲೇ ಕೆಂಪು ಊರುಗಳಿಗೆ ಹೊತ್ತಿಗೆ ಸರಿಯಾಗಿ ಅಕ್ಕಿ ಹೋಯಿತಲ್ಲ ಎಂದರು ಮೇಷ್ಟ್ರು. ಹಾಗಾದರೆ ತಪ್ಪು ಯಾರದು ಎಂದಳು. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ ಎಂದೆನಲ್ಲ ಎಂದರು ಮೇಷ್ಟ್ರು. ಇವಳು ತನ್ನ ಮೊದಲ ಪ್ರಶ್ನೆಗೇ ಮರಳಿದಳು. ನನ್ನ ಹನ್ನೊಂದರಲ್ಲಿ ಯಾವುದನ್ನು ಮೊದಲು ಮಾಡಲಿ, ಅದನ್ನಾದರೂ ಹೇಳಿ ಎಂದಳು.

ಮೇಷ್ಟ್ರು ಅವಳ ಕೈಯಲ್ಲಿದ್ದ ಮಡಿಸಿದ ಕಾಗದವನ್ನು ತೋರಿಸಿದರು.

“ಅದರ ಕೊನೆಯ ಸಾಲಿನಲ್ಲಿ ಯಾರಿದ್ದಾರೆ, ಬಿಚ್ಚಿ ನೋಡಮ್ಮ.”

ವಾರಿಜಾ ಬಿಚ್ಚಿ ನೋಡಿದಳು. ಅಲ್ಲಿ ಯಾರ ಹೆಸರಿತ್ತು ಎಂದು ನಾನು ಎರಡು ಸಲ ಕೇಳಿದೆ. ನನಗೂ ಹೇಳಲಿಲ್ಲ.

ಈ ಕತೆಗೆ ಮೇಷ್ಟ್ರು ಒಂದು ಷರತ್ತು ಹಾಕಿದ್ದರಂತೆ. ಕೇಳಿದವರು ಇನ್ನೊಬ್ಬರಿಗೆ ಹೇಳಬೇಕು. ಬರೆದು ಕಳಿಸಬಾರದು, ಫೋನಿನಲ್ಲೂ ಹೇಳಬಾರದು, ಎದುರಿಗೆ ಕೂತು ಹೇಳಬೇಕು. ಅದಕ್ಕೇ ವಾರಿಜಾ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ನಮ್ಮ ಮನೆಗೆ ಬಂದಿದ್ದಳು. ನಾನು ಬರೆದು ಷರತ್ತು ಮುರಿದೆ. ನಿಮಗೆ ಗೊತ್ತಿರುವವರು ಯಾರಾದರೂ ಪಟ್ಟಿ ಹಿಡಿದು ಓಡಾಡುತ್ತಿದ್ದರೆ, ನೀವಾದರೂ ಅವರ ಎದುರಿಗೆ ಕೂತು ಇದನ್ನು ಹೇಳಿ.